ಗುಲಾಬಿ ಬಣ್ಣದ ಬಾಟಲಿ, ಮುರುಗಲ ಹುಳಿ

1989ರಲ್ಲಿ ನಾನು ಅಂಕೋಲಾ ತಾಲೂಕಿನ ಒಂದು ಸಣ್ಣ ಆಸ್ಪತ್ರೆಯಲ್ಲಿ ವೈದ್ಯೆಯಾಗಿದ್ದೆ. ಆಗ ನನ್ನ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತಿತ್ತು. ಹೊರರೋಗಿಗಳ ಸಾಲಿನಲ್ಲಿ ಕೂತ ಹೆಂಗಸರಿಗೂ ಅದು ಗೊತ್ತಿತ್ತು. ಅದರಿಂದ ರೋಗಿಗಳಿಗೆ ಒಳ್ಳೆಯದಾಗುತ್ತದೆ ಎಂದು ನಾನು ನಂಬಿದ್ದೆ. ಆ ನಂಬಿಕೆ ಎಷ್ಟು ಸರಿ ಎಂಬುದನ್ನು ಈ ಪ್ರಕರಣ ತೋರಿಸಿತು.

ಮಂಗಲಾ ಎಂಬ ಹುಡುಗಿ ಭಾವಿಕೇರಿಯವಳು. ಅವರ್ಸಾದ ಮೀನುಗಾರರ ಮನೆಗೆ ಮದುವೆಯಾಗಿ ಬಂದು ಎಂಟು ತಿಂಗಳಾಗಿತ್ತು. ಗಂಡ ಬೋಟಿನ ಮೇಲೆ ಹೋದರೆ ವಾರಗಟ್ಟಲೆ ಬರುತ್ತಿರಲಿಲ್ಲ. ಅವಳನ್ನು ಆಸ್ಪತ್ರೆಗೆ ಕರೆತರುತ್ತಿದ್ದವಳು ಅತ್ತೆ ದೇವಕಿ, ತಲೆಯ ಮೇಲೆ ಮೀನಿನ ಬುಟ್ಟಿ ಹೊತ್ತು ಊರೂರು ತಿರುಗಿ, ನಮ್ಮ ಆಸ್ಪತ್ರೆಯ ಬಾಗಿಲಲ್ಲೂ ಮಾರುತ್ತಿದ್ದ ಗಟ್ಟಿ ಹೆಂಗಸು. ಮಂಗಲಾ ಹೇಳುತ್ತಿದ್ದದ್ದು ಒಂದೇ ಮಾತು: "ಕೆಳಗೆ ಉರಿ." ಎರಡು ಸಲ ಬಂದಾಗಲೂ ನಾನು ಒಂದು ನಿಮಿಷ ನೋಡಿ, ಫಂಗಸ್ ಸೋಂಕು ಎಂದು ಮುಲಾಮು ಬರೆದು ಕಳಿಸಿದ್ದೆ. ಬೇರೆ ಏನನ್ನಾದರೂ ಹಚ್ಚುತ್ತೀಯಾ ಎಂದು ಕೇಳಿದಾಗ ಇಲ್ಲವೆಂದು ತಲೆಯಾಡಿಸಿದ್ದಳು.

ಮೂರನೆಯ ಸಲ ದೇವಕಿಯೇ ಮಾತಾಡಿದಳು.

"ಡಾಕ್ಟ್ರಮ್ಮ, ಇವ್ಳಿಗೆ ಬಿಳಿ ಹೋಗ್ತದೆ, ಈಗ ಉರೀನೂ ಅದೆ. ಕೆಟ್ಟ ರೋಗ ಅಂದೇಳಿ ಸೀದಾ ಹೇಳಿಬಿಡಿ. ಮಗ ಬೋಟಿಂದ ಬರೂದ್ರೊಳಗೆ ಅಪ್ಪನ ಮನೆಗೆ ಬಿಟ್ಟು ಬತ್ತೆ."

ಮಂಗಲಾ ನೆಲ ನೋಡುತ್ತಿದ್ದಳು. ರೋಗದ ಹೆಸರು ಹೊತ್ತು ತವರಿಗೆ ಹೋದ ಹುಡುಗಿ ಮತ್ತೆ ಹಿಂದೆ ಬರುವುದು ಕಷ್ಟ, ತವರಿನಲ್ಲಿ ಬಾಳುವುದು ಇನ್ನೂ ಕಷ್ಟ. ನಾನು ದೇವಕಿಯನ್ನು ಹೊರಗೆ ಕಳಿಸಿ ಬಾಗಿಲು ಹಾಕಿಕೊಂಡೆ. ಈ ಸಲ ಸರಿಯಾಗಿ ಪರೀಕ್ಷೆ ಮಾಡಿದೆ. ಸ್ರಾವವನ್ನು ಗಾಜಿನ ಮೇಲೆ ಸವರಿ ಮೈಕ್ರೋಸ್ಕೋಪಿನಲ್ಲಿ ನೋಡಿದೆ. ಫಂಗಸ್ ಇರಲಿಲ್ಲ, ಬೇರೆ ಸೋಂಕಿನ ಲಕ್ಷಣವೂ ಕಾಣಲಿಲ್ಲ. ಬಿಳಿ ಹೋಗುವುದು ಆ ವಯಸ್ಸಿನ ಯಾವ ಆರೋಗ್ಯವಂತ ಹೆಣ್ಣಿಗೂ ಇರುವಷ್ಟೇ ಇತ್ತು. ಆದರೆ ಹೊರಚರ್ಮ ಕೆಂಪಾಗಿ ಸುಲಿದಿತ್ತು. ಇದು ಕಾಂಟ್ಯಾಕ್ಟ್ ಡರ್ಮಟೈಟಿಸ್, ಅಂದರೆ ಯಾವುದೋ ವಸ್ತು ತಾಗಿ ಚರ್ಮ ಕೆರಳಿದ್ದು.

"ಏನು ಹಚ್ಚುತ್ತೀ ಎಂದು ಕೇಳುತ್ತಿಲ್ಲ. ಯಾವುದರಿಂದ ತೊಳೀತೀ?" ಎಂದೆ.

"ಅತ್ತೆ ತಂದ್ಕೊಟ್ಟ ಬಾಟ್ಲಿ ಅದೆ. ದಿನಕ್ಕೆ ಮೂರು ಸಲ. ಅದು ಔಷಧ ಅಲ್ವಲ್ಲ, ಅದ್ಕೇ ಹೇಳ್ಲಿಲ್ಲ."

ಮರುದಿನ ಬಾಟಲಿ ತಂದಳು. ಒಳಗೆ ಗುಲಾಬಿ ಬಣ್ಣದ ದ್ರವ, ಚೀಟಿಯ ಮೇಲೆ ಕಮಲದ ಚಿತ್ರ, ಕೆಳಗೆ "ಸ್ತ್ರೀಯರಿಗಾಗಿ, ಅತಿ ಸೌಮ್ಯ". ತಯಾರಕರ ಲೈಸೆನ್ಸ್ ನಂಬರ್ ಇರಲಿಲ್ಲ. ಏನೇನು ಹಾಕಿದ್ದಾರೆಂಬ ಪಟ್ಟಿಯೂ ಇರಲಿಲ್ಲ. ಲ್ಯಾಬಿನಿಂದ ಕೆಂಪು ಲಿಟ್ಮಸ್ ಕಾಗದ ತರಿಸಿ ಅದ್ದಿದೆ. ಅದ್ದಿದ್ದೇ ತಡ, ನೀಲಿಯಾಯಿತು. ಅಂದರೆ ಕ್ಷಾರ, ಬಟ್ಟೆ ತೊಳೆಯುವ ಸೋಪಿನ ಜಾತಿ.

ಸೊಸೆಯ ಬಟ್ಟೆಯ ಮೇಲಿನ ಬಿಳಿಯನ್ನು ಕಂಡು ಗಾಬರಿಯಾದ ದೇವಕಿ ಕಾರವಾರದ ಒಂದು ಅಂಗಡಿಯಿಂದ ಇದನ್ನು ತಂದಿದ್ದಳು. ತೊಳೆದಷ್ಟೂ ಉರಿ, ಉರಿದಷ್ಟೂ ತೊಳೆಯುವುದು. ಇಲ್ಲದ ರೋಗಕ್ಕೆ ಮದ್ದು ತಂದು, ಆ ಮದ್ದು ಹುಟ್ಟಿಸಿದ ರೋಗಕ್ಕಾಗಿ ಸೊಸೆಯನ್ನು ಓಡಿಸಲು ಹೊರಟಿದ್ದಳು.

ಶನಿವಾರ ಬಸ್ಸು ಹತ್ತಿ ಕಾರವಾರಕ್ಕೆ ಹೋದೆ. ಹಿಂದೆಂದೋ ಕಂಪೌಂಡರ್ ಆಗಿದ್ದ ಅಂಗಡಿಯವನು ಬಾಟಲಿಯನ್ನು ನೋಡಿ ನಕ್ಕ. ಒಳಗೆ ಏನಿದೆ ಎಂದು ಕೇಳಿದೆ.

"ಅಮ್ಮಾ, ಫಾರ್ಮುಲಾ ಹೇಳೂಕೆ ಬತ್ತದಾ? ಧಂದೆ ಗುಟ್ಟು."

"ನನಗೆ ಹೇಳುತ್ತೀರೋ, ಡ್ರಗ್ಸ್ ಇನ್ಸ್‌ಪೆಕ್ಟರಿಗೆ ಹೇಳುತ್ತೀರೋ?"

ಅವನ ನಗು ಇಳಿಯಿತು. ಒಂದೊಂದಾಗಿ ಹೇಳಿದ: ಕ್ಯಾನಿನಲ್ಲಿ ಬರುವ ಲಿಕ್ವಿಡ್ ಸೋಪು, ನೆಲ ಒರೆಸುವ ಆಂಟಿಸೆಪ್ಟಿಕ್, ರೋಜ್ ಸೆಂಟು, ಬಣ್ಣ.

"ಮತ್ತೆ ಸೌಮ್ಯ ಎಂದು ಯಾಕೆ ಬರೆದಿರಿ?"

"ಬಣ್ಣ ಸೌಮ್ಯ ಅದೆಯಲ್ಲ ಅಮ್ಮಾ, ಗುಲಾಬಿ."

ಆ ಉತ್ತರ ಇಂದಿಗೂ ನನ್ನ ಮೈ ಉರಿಸುತ್ತದೆ. ಅಲ್ಲೇ ನಿಂತು, ಗಿರಾಕಿಗಳಿಗೆಲ್ಲ ಕೇಳುವ ಹಾಗೆ ಬೈದೆ. ಇನ್ಸ್‌ಪೆಕ್ಟರಿಗೆ ಲಿಖಿತ ದೂರನ್ನೂ ಕೊಟ್ಟೆ. ನಾನು ಊರು ಬಿಡುವ ಮೊದಲೇ ಅಂಗಡಿಯ ಕಪಾಟಿನಿಂದ ಆ ಬಾಟಲಿಗಳು ಮಾಯವಾದವು. ಯುದ್ಧ ಗೆದ್ದವಳ ಹಾಗೆ ಅಂಕೋಲೆಗೆ ಬಂದೆ.

ಸೋಮವಾರ ದೇವಕಿಯನ್ನು ಎದುರು ಕೂರಿಸಿಕೊಂಡೆ. ರೋಗವಿಲ್ಲ, ನಿನ್ನ ಬಾಟಲಿಯೇ ಸುಟ್ಟದ್ದು ಎಂದೆ. ಅವಳು ನಂಬಲಿಲ್ಲ. ಕೊಳೆ ತೆಗೆಯುವ ಸೋಪಿನಿಂದ ಉರಿ ಹೇಗೆ ಹುಟ್ಟುತ್ತದೆ ಎಂದು ನನ್ನನ್ನೇ ಕೇಳಿದಳು. ಆಗ ನನಗೊಂದು ಜಾಣತನದ ಉಪಾಯ ಹೊಳೆಯಿತು.

"ಮೀನು ಮಾರಿ ಬಂದ ಮೇಲೆ ಕೈಯ ವಾಸನೆಗೆ ಏನು ಹಚ್ಚುತ್ತೀ?"

"ಮುರುಗಲ ಹುಳಿ. ಇಲ್ಲಾ ಲಿಂಬು." ಮುರುಗಲವೆಂದರೆ ಕೋಕಂ, ನಮ್ಮ ಕಡೆಯ ಹುಳಿಹಣ್ಣು.

"ನೋಡು, ಹುಳಿಯ ಕೆಲಸ ಸೋಪಿಗೆ ಬರುವುದಿಲ್ಲ. ಹೆಣ್ಣಿನ ಆ ಜಾಗದಲ್ಲೂ ದೇವರು ಹುಳಿ ಇಟ್ಟಿದ್ದಾನೆ. ಅದೇ ಕಾವಲು. ಸೋಪು ಆ ಹುಳಿಯನ್ನು ಕೊಲ್ಲುತ್ತದೆ."

ವೈದ್ಯಶಾಸ್ತ್ರದ ಪ್ರಕಾರ ಹೇಳಿದ್ದು ಸುಳ್ಳಲ್ಲ. ಹುಳಿ, ಕ್ಷಾರಗಳನ್ನು ಅಳೆಯುವ ಪಿಎಚ್ ಎಂಬ ಲೆಕ್ಕದಲ್ಲಿ ಏಳು ಎಂದರೆ ಸಮ, ಅದಕ್ಕಿಂತ ಕೆಳಗೆ ಹುಳಿ, ಮೇಲೆ ಕ್ಷಾರ. ಒಳಭಾಗದ್ದು ಸುಮಾರು ನಾಲ್ಕು, ಹೊರಚರ್ಮದ್ದು ಐದರ ಆಸುಪಾಸು, ಸೋಪಿನದು ಒಂಬತ್ತು ಹತ್ತು. ಮೊಸರಿನಲ್ಲಿರುವ ಬ್ಯಾಕ್ಟೀರಿಯಾದ ಬಳಗದವೇ ಅಲ್ಲಿದ್ದು ಲ್ಯಾಕ್ಟಿಕ್ ಆಮ್ಲ ತಯಾರಿಸುತ್ತವೆ. ದೇವಕಿ ಎಲ್ಲ ಕೇಳಿಸಿಕೊಂಡು ಎದ್ದು ಹೋದಳು. ಅರ್ಥವಾಯಿತೆಂದು ನಾನು ಬೀಗಿದೆ.

ನಾಲ್ಕನೆಯ ದಿನ ಮಂಗಲಾಳನ್ನು ರಿಕ್ಷಾದಲ್ಲಿ ತಂದರು. ಬೆಂಚಿನ ಮೇಲೆ ಕೂರಲು ಅವಳಿಂದ ಆಗಲಿಲ್ಲ. ಗೋಡೆ ಹಿಡಿದು ನಿಂತಿದ್ದಳು. ದೇವಕಿ ಮುರುಗಲ ಸಿಪ್ಪೆಯನ್ನು ರಾತ್ರಿಯಿಡೀ ನೆನೆಸಿ, ಕಿವುಚಿ, ಆ ಗಟ್ಟಿ ರಸದಲ್ಲಿ ಬೆಳಿಗ್ಗೆ ಸಂಜೆ ತೊಳೆಸಿದ್ದಳು, ಸುಲಿದ ಚರ್ಮದ ಮೇಲೆ.

ನಾನು ಸಾಲಿನಲ್ಲಿದ್ದವರೆಲ್ಲ ತಿರುಗಿ ನೋಡುವಂತೆ ಕೂಗಾಡಿದೆ. ತಲೆ ಇದೆಯಾ, ಇವಳನ್ನು ಕೊಲ್ಲಬೇಕೆಂದಿದ್ದೀಯಾ ಎಂದೆ. ದೇವಕಿ ಸೆರಗು ಸೊಂಟಕ್ಕೆ ಸಿಕ್ಕಿಸಿ ನಿಂತಳು.

"ಹುಳಿ ಬೇಕು ಅಂದೇಳಿ ನೀವೇ ಹೇಳಿದ್ರಿ. ಮೀನಿನ ಕೈಗೆ ಹಚ್ಚೂದೇ ಅಂದ್ರಿ. ಮೊದ್ಲಿನ ತಪ್ಪು ಅಂಗಡಿಯವಂದು. ಈ ಸಲದ್ದು ಯಾರ್ದು?"

ಸೋಲಲು ಮನಸ್ಸಿಲ್ಲದೆ ಮತ್ತೇನೋ ಹೇಳಹೊರಟೆ. ಅಷ್ಟರಲ್ಲಿ ಮಂಗಲಾ ಗೋಡೆಯ ಕಡೆಯಿಂದ ತಿರುಗಿದಳು. ಅವಳ ದನಿಯನ್ನು ಅಷ್ಟು ಗಟ್ಟಿಯಾಗಿ ನಾನು ಕೇಳಿದ್ದು ಅದೇ ಮೊದಲು.

"ಇಬ್ರೂ ಸುಮ್ನಿರಿ. ಉರೀತಿರೂದು ನನ್ನ ಮೈ. ಬರೀ ನೀರು ಸಾಕಾ ಇಲ್ವಾ, ಅದೊಂದು ಹೇಳಿ."

"ಸಾಕು," ಎಂದೆ.

"ಹಂಗಾರೆ ಮೊದ್ಲೇ ಅದ್ನೇ ಹೇಳೂಕೆ ಎಂತಾಗಿತ್ತು?"

ನಾನು ಚೀಟಿ ಬರೆಯತೊಡಗಿದೆ. ಮೂರು ವಾರ ಬರೀ ತಣ್ಣೀರು, ತೆಳ್ಳಗೆ ವ್ಯಾಸಲೀನು, ಹತ್ತಿ ಬಟ್ಟೆ. ಚರ್ಮ ಕೂಡಿಕೊಂಡಿತು. ಅವಳ ಗಂಡ ಬೋಟಿನಿಂದ ಇಳಿದಾಗ ನಾನೇ ಅವನನ್ನು ಕರೆಸಿ ಇವಳಿಗೆ ಯಾವ ರೋಗವೂ ಇರಲಿಲ್ಲವೆಂದು ಹೇಳಿದೆ. ಮಂಗಲಾ ಅವರ್ಸಾದಲ್ಲೇ ಉಳಿದಳು. ದೇವಕಿ ಮಾತ್ರ ಮುಂದೆ ಆಸ್ಪತ್ರೆಯ ಬಾಗಿಲಲ್ಲಿ ಮೀನು ಮಾರಲಿಲ್ಲ. ರಸ್ತೆಯಲ್ಲಿ ಎದುರಾದರೆ ಬುಟ್ಟಿಯನ್ನು ಸರಿಮಾಡಿಕೊಂಡು ಮುಖ ತಿರುಗಿಸುತ್ತಿದ್ದಳು. ನನಗೂ ಅವಳ ಮೇಲಿನ ಸಿಟ್ಟು ಬಹಳ ದಿನ ಇಳಿಯಲಿಲ್ಲ, ಅವಳು ಕೇಳಿದ ಪ್ರಶ್ನೆ ಸರಿಯಾಗಿತ್ತಲ್ಲ, ಅದಕ್ಕೆ.

ತೊಂಬತ್ತರ ದಶಕದಲ್ಲಿ ಹೆಂಗಸರು ತೊಳೆದುಕೊಳ್ಳಲೆಂದೇ ಹೊಸ ಬಾಟಲಿಗಳು ಬಂದವು. ಅವುಗಳ ಹಿಂಬದಿಯಲ್ಲಿ ಪಟ್ಟಿ ಅಚ್ಚಾಗಿರುತ್ತಿತ್ತು: ನೊರೆಗೆ ಮೆದು ಸರ್ಫ್ಯಾಕ್ಟೆಂಟ್, ಹುಳಿಗೆ ಅಳತೆಯ ಲ್ಯಾಕ್ಟಿಕ್ ಆಮ್ಲ, ತೇವಕ್ಕೆ ಗ್ಲಿಸರಿನ್, ಕೆಡದಂತೆ ಒಂದು ರಾಸಾಯನಿಕ, ಕೊನೆಯಲ್ಲಿ ಸುಗಂಧ. ಹೆಂಗಸರು ತಂದು ತೋರಿಸಿದರೆ ಒಂದೊಂದನ್ನೂ ಬೆರಳಿಟ್ಟು ಓದಿ ಹೇಳುತ್ತಿದ್ದೆ. ಸುಗಂಧ ಕಂಡರೆ ಬೇಡ, ಒಳಗೆ ಯಾವುದೂ ಬೇಡ, ಹೊರಗೆ ನೀರೇ ಸಾಕು ಎನ್ನುತ್ತಿದ್ದೆ. ಆಮೇಲೆ, ಮನೆಗೆ ಹೋಗಿ ಏನು ಮಾಡುತ್ತೀ, ನನಗೆ ಹೇಳು ಎಂದು ಅವರ ಬಾಯಿಂದಲೇ ಕೇಳಿಸಿಕೊಳ್ಳುತ್ತಿದ್ದೆ. ರೋಗಿ ಏನು ಕೇಳಿಸಿಕೊಂಡಳೋ ಅದೇ ವೈದ್ಯರು ಕೊಟ್ಟ ಮದ್ದು ಎಂಬುದು ನಾನು ಕಲಿತ ಪಾಠ.

ಅಂಗಡಿಯವನ ತಪ್ಪನ್ನು ಕಾರವಾರದ ಪೇಟೆಯಲ್ಲಿ ನಿಂತು ಕೂಗಿದ್ದೆ. ದೇವಕಿಯ ತಪ್ಪನ್ನು ತುಂಬಿದ ಸಾಲಿನ ಎದುರು ಕೂಗಿದ್ದೆ. ನನ್ನ ತಪ್ಪನ್ನು ಮಂಗಲಾಳ ಕಿವಿಯಲ್ಲಿ ಪಿಸುಮಾತಿನಲ್ಲೂ ಒಪ್ಪಿಕೊಳ್ಳಲಿಲ್ಲ. ಮೂರು ವಾರ ದಿನ ಬಿಟ್ಟು ದಿನ ಅವಳು ಗಾಯ ತೋರಿಸಲು ಬಂದು ನನ್ನೆದುರು ನಿಂತಿದ್ದಳು.