ನಡ ಕೇಳಿ ಹೇಳುತ್ತಿದ್ದ ಅತ್ತೆ

ಪಕ್ಕದ ಮನೆಯ ಅತ್ತೆಗೆ ಬಹಳ ವರ್ಷಗಳ ನಡನೋವು. ಮದುವೆಗೆ ಕರೆದರೂ ಸಂತೆಗೆ ಕರೆದರೂ ಸೊಂಟದ ಮೇಲೆ ಅಂಗೈಯಿಟ್ಟು, "ನಡಾ ಕೇಳಿ ಹೇಳ್ತೀನಪ್ಪಾ" ಎನ್ನುತ್ತಿದ್ದಳು. ನಡ ಎಂದೂ ಹೂಂ ಎನ್ನಲಿಲ್ಲ. ಬಗ್ಗಿದರೆ ಮುರಿದೇ ಹೋಗುತ್ತದೆಂಬ ಭಯ ಅವಳಿಗೆ. ಸೊಸೆಯರು ನೀರನ್ನೂ ಕೈಗೇ ತಂದುಕೊಡುತ್ತಿದ್ದರು. ನಸುಕಿನಲ್ಲಿ ನನ್ನ ಹೊಲಕ್ಕೆ ಮಲ್ಲಿಗೆ ಬಿಡಿಸಲು ಹೊರಟ ಹೆಂಗಸರ ನಗುವನ್ನು ಬಾಗಿಲಲ್ಲಿ ಕೂತು ಕೇಳುತ್ತಿದ್ದಳು. ಒಂದು ಕಾಲಕ್ಕೆ ಆ ಗುಂಪಿನ ಮುಂದೆ ನಡೆದವಳು ಅವಳೇ.

ನಾನು ಶಾಲೆ ಬಿಟ್ಟವನು, ದುಡಿಮೆ ಬಿಟ್ಟವನಲ್ಲ. ಸುಮ್ಮನೆ ಕೂತವರನ್ನು ಕಂಡರೆ ಆಗದು. ಆದರೂ ಅವಳ ನೋವು ಸುಳ್ಳೆಂದು ನನಗೆ ಎಂದೂ ಅನ್ನಿಸಲಿಲ್ಲ. ಒಂದು ನಸುಕಿನಲ್ಲಿ ಕರೆದೆ.

"ಬಾ ಅತ್ತಿ. ಬಗ್ಗಬ್ಯಾಡ, ನಿಂತಕೊಂಡ ಕೈಗೆ ಸಿಕ್ಕಷ್ಟು ಮಲ್ಲಿಗಿ ಮಗ್ಗಿ ಬಿಡಸು."

"ನಡಾ ಮುರದ್ರ ಯಾರು ಕಟ್ಟತಾರಲೇ?"

"ಹೂವಿನ ಮಾಲಿ ಕಟ್ಟೋ ದಾರ ಐತಿ, ನಾನ ಕಟ್ತೀನಿ."

ನಗುತ್ತಲೇ ಎದ್ದಳು.

ಮಬ್ಬಿನಲ್ಲಿ ಹೊಲವೇ ತೇಲುತ್ತಿತ್ತು. ನಿದ್ದೆಯ ಕೂಸಿನ ತಲೆ ಸವರಿದಂತೆ ಅವಳ ಕೈ ಗಿಡಗಳ ಮೇಲೆ ಓಡಾಡಿತು. ಕೆಳಗಿನ ರೆಂಬೆಗೆ ಅವಳು ಬಗ್ಗಿದ್ದನ್ನು ಎಲ್ಲರೂ ಕಂಡರು, ಕಾಣದವರಂತೆ ಮೊಗ್ಗು ಬಿಡಿಸುತ್ತಲೇ ಇದ್ದರು.

ಬಿಸಿಲೇರಿದಾಗ ಕೇಳಿದೆ: "ನೋವು ಐತೇನು ಅತ್ತಿ?"

"ಐತಿ. ಅದೆಲ್ಲಿಗೆ ಹೋಗತೈತಿ?" ಎಂದು ಮಡಿಲಿನ ಮೊಗ್ಗನ್ನೆಲ್ಲ ಬುಟ್ಟಿಗೆ ಸುರಿದಳು. "ನಾಳಿ ನನ್ನ ಬಿಟ್ಟು ಹೋದೀರಿ ಮತ್ತ!"