ಹೊಗೆ ಹಿಡಿಯದ ಹೋರಿಗಳು

ಬ್ರೆಜಿಲಿನ ದಕ್ಷಿಣದ ನಮ್ಮ ಸೀಮೆಯಲ್ಲಿ ನನ್ನ ನೆರೆಯ ಇದಲೀನಾ ಪ್ರತಿ ಚಳಿಗಾಲವೂ ಸೋಯಾ ಕೊಯ್ದ ಹೊಲದಲ್ಲಿ ಓಟ್ಸ್ ಬಿತ್ತಿ, ಅದರಲ್ಲಿ ಹೋರಿಗಳನ್ನು ಮೇಯಿಸಿ, ಕೊಬ್ಬಿಸಿ ಮಾಂಸಕ್ಕೆ ಮಾರುತ್ತಿದ್ದಳು. ಗಂಡ ಸತ್ತ ಮೇಲೆ ಅವಳ ಬದುಕು ನಿಂತಿದ್ದೇ ಅವುಗಳ ಮೇಲೆ. ಹೊಸ ದನ ಬಂದರೆ ಮೊದಲು ಮಿಯೊಮಿಯೊ ಎಂಬ ವಿಷದ ಗಿಡ ಸುಟ್ಟು ಮೂತಿಗೆ ಹೊಗೆ ಹಿಡಿಯುತ್ತಿದ್ದಳು. ಆ ಹೊಗೆ ಕುಡಿದ ದನ ಮತ್ತೆ ಆ ಗಿಡಕ್ಕೆ ಬಾಯಿ ಹಾಕುವುದಿಲ್ಲ. ಇಲ್ಲೇ ಹುಟ್ಟಿದ ದನಕ್ಕೆ ಇದು ಬೇಕಿಲ್ಲ, ತಾಯಿಯ ಜೊತೆ ಮೇಯುತ್ತಲೇ ಕಲಿತಿರುತ್ತದೆ.

ಆ ವರ್ಷ ಮೈದುನ ವಾಲ್ಮೊರ್ ಲಾರಿಯಲ್ಲಿ ಎಂಟು ಹೋರಿ ತಂದ. ಅವಳು ಬೆಂಕಿಕಡ್ಡಿ ಹುಡುಕುವುದನ್ನು ನೋಡಿ ನಕ್ಕ.

“ಅತ್ತಿಗೆ, ಇವಕ್ಕೇನು ಪೂಜೆನಾ, ಧೂಪ ಹಾಕೋಕೆ? ಇಲ್ಲೇ ಹುಟ್ಟಿದವು ಅಂತ ಮಾರಿದೋನು ಆಣೆ ಮಾಡಿದಾನೆ.”

“ಇಂಥದೇ ಆಣೆ ನಂಬಿ ನಿಮ್ಮಣ್ಣ ಕುಂಟು ಕುದುರೆ ತಂದಿದ್ರು ಕಣೋ.”

ಆದರೆ ಹಸಿದ ಹೋರಿಗಳ ಕೂಗು ಕೇಳಲಾರದೆ, ಹೊಗೆ ಹಿಡಿಯದೆಯೇ ಹೊಲದ ಗೇಟು ತೆಗೆದಳು.

ನಾನು ಬೇಲಿಯಾಚೆ ನಿಂತಿದ್ದೆ. ಹಳ್ಳದ ಬದಿಯ ಮಿಯೊಮಿಯೊ ಪೊದೆಯನ್ನು ಅವಳ ಮುದಿ ಹಸು ಮೂಸಿ, ಬಳಸಿಕೊಂಡು ಮುಂದೆ ಹೋಯಿತು. ಹಿಂದೆಯೇ ಬಂದ ಹೊಸ ಹೋರಿ ತಲೆ ಬಗ್ಗಿಸಿ ಅದನ್ನು ಮೇಯತೊಡಗಿತು.

“ಇದಲೀನಾ, ನಿನ್ನ ಹೋರಿ ಆ ಗಿಡ ತಿಂತಿದೆ!” ಎಂದು ಕೂಗಿದೆ.

ವಾಲ್ಮೊರನ ನಗು ಅಲ್ಲೇ ಸತ್ತಿತು. ಮಾರಿದವನ ಆಣೆ ಸುಳ್ಳು; ಹೋರಿಗಳು ಈ ಗಿಡವೇ ಬೆಳೆಯದ ದೂರದ ಸೀಮೆಯವು.

ಇಬ್ಬರೂ ಓಡಿ, ಅಟ್ಟಿಕೊಂಡು ಎಂಟನ್ನೂ ದೊಡ್ಡಿಗೆ ತಂದರು. ಸಂಜೆಗೆ ಗಿಡ ತಿಂದ ಹೋರಿ ನೀರು ಮುಟ್ಟದೆ, ಜೊಲ್ಲು ಸುರಿಸುತ್ತ ಮೂಲೆಯಲ್ಲಿ ಮಲಗಿತು. ಉಳಿದವು ಏನು ತಿಂದಿದ್ದವೋ ಯಾರೂ ನೋಡಿರಲಿಲ್ಲ. ಇದಲೀನಾ ಗಿಡದ ವಾಸನೆ ಇದೆಯೇ ಎಂದು ಒಂದೊಂದರ ಬಾಯನ್ನೂ ಮೂಸುತ್ತ ಬಂದಳು. ಮೂರನೆಯದರ ಬಾಯನ್ನು ಮತ್ತೊಮ್ಮೆ ಮೂಸಿ, ಅಲ್ಲೇ ಬಹಳ ಹೊತ್ತು ನಿಂತಳು.