ಪೂಜೆಗೆ ಮುಂಚಿನ ಮಾತ್ರೆ

ಸುಬ್ಬಾಶಾಸ್ತ್ರಿಗಳು ಮಂತ್ರ ಶುರು ಮಾಡಿದರೆ ಛತ್ರದ ಹೊರಗೆ ನಿಂತ ಜಟಕಾ ಕುದುರೆ ಕಿವಿ ನಿಮಿರಿಸುತ್ತಿತ್ತು. ಅಂಥ ಗಂಟಲು, ಅದರ ಮೇಲೆ ಅಂಥ ಪೆದ್ದು ತಲೆ! ಮುಳಬಾಗಿಲಿನ ಪುರೋಹಿತರಾದ ಅವರು ನನ್ನ ಸೋದರಮಾವ. ನಾನು ಅಲ್ಲೇ ಔಷಧಿ ಅಂಗಡಿ ಇಟ್ಟಿದ್ದೆ.

ತೊಂಬತ್ತರ ದಶಕದ ಕೊನೆಗೆ ರಾಯಲ್ಪಾಡಿನ ಮದುವೆಯೊಂದರಲ್ಲಿ, ಮಾಂಗಲ್ಯಧಾರಣೆಯ ಹೊತ್ತಿಗೇ ಮಾವನ ಗಂಟಲು ಹಿಡಿದುಕೊಂಡಿತು. ಉಸಿರೆಳೆದಾಗಲೆಲ್ಲ ಸುಂಯ್ ಎಂದು ಸೀಟಿ. "ಏಮೈಂದಿ ಸ್ವಾಮೀ?" ಏನಾಯಿತೆಂದು ತೆಲುಗಿನಲ್ಲೇ ಕೇಳುತ್ತ ಹುಡುಗಿಯ ತಂದೆ ಗಾಬರಿಯಾದ. ಉಬ್ಬಸವೆಂದು ಎರಡು ವರ್ಷ ಇನ್ಹೇಲರ್ ಪಂಪ್ ಎಳೆದರೂ ಏನೂ ಗುಣವಾಗಲಿಲ್ಲ. ಕೊನೆಗೆ ಕೋಲಾರದ ಡಾಕ್ಟರೊಬ್ಬರು ಮೂಗಿನಿಂದ ಕೊಳವೆ ಇಳಿಸಿ ನೋಡಿದರು.

"ಇದು ಉಬ್ಬಸ ಅಲ್ಲ ಸ್ವಾಮಿ. ಉಸಿರೆಳ್ಕೊಳ್ಳುವಾಗ ತೆರೀಬೇಕಾದ ಧ್ವನಿತಂತು ಮುಚ್ಕೊತಿದೆ. ಹೊಟ್ಟೆ ಆಸಿಡ್ ಮೇಲೆ ಬಂದು ಅದನ್ನ ಕೆಣಕ್ತಿದೆ."

ಉಸಿರಾಟದ ಅಭ್ಯಾಸ ಹೇಳಿಕೊಟ್ಟರು. ಮಾತ್ರೆ ಖಾಲಿ ಹೊಟ್ಟೆಗೆ, ಊಟಕ್ಕೆ ಅರ್ಧ ಗಂಟೆ ಮುಂಚೆ. ಉಂಡ ಕೂಡಲೇ ಮಲಗಬಾರದು. ಇಷ್ಟೇ.

ಮಾವನಿಗೆ ಅಷ್ಟೂ ಆಗಲಿಲ್ಲ. "ಪೂಜೆಗೆ ಮುಂಚೆ ಬಾಯಿಗೆ ಮಾತ್ರೆ ಹಾಕ್ಲಾ? ಮೈಲಿಗೆ ಕಣೋ! ಪೂಜೆ ಆದ್ಮೇಲೆ ಎಲೆ ಹಾಕಿರ್ತಾರೆ, ಅರ್ಧ ಗಂಟೆ ಯಾರು ಕಾಯ್ತಾರೆ?" ಮಧ್ಯಾಹ್ನ ಮೂರಕ್ಕೆ ಒಬ್ಬಟ್ಟು, ಆಂಬೊಡೆ, ಪಾಯಸ ಗಂಟಲಮಟ್ಟ ಬಿಗಿದು, ಅದರ ಮೇಲೆ ಮಾತ್ರೆ ನುಂಗಿ, ಛತ್ರದ ಜಮಖಾನದ ಮೇಲೆ ಉರುಳುತ್ತಿದ್ದರು. ಸಂಜೆ ನನ್ನ ಅಂಗಡಿಗೇ ಬಂದು, "ನಿನ್ನ ಮಾತ್ರೆ ದಂಡ ಕಣೋ" ಎನ್ನುತ್ತಿದ್ದರು. ತಿದ್ದಲು ಹೋದರೆ, "ನೀನೇನೋ ನನಗೆ ಹೇಳೋದು?" ಥೂ, ಎಷ್ಟು ಸಲ ತಲೆ ಚಚ್ಚಿಕೊಂಡೆನೋ.

ನನ್ನ ಮಗಳ ಮದುವೆಯನ್ನು ತಾವೇ ಮಾಡಿಸಬೇಕೆಂದು ಅವಳ ನಾಮಕರಣದ ದಿನವೇ ಹೇಳಿಕೊಂಡಿದ್ದರು. ಆ ಮದುವೆಯಲ್ಲಿ ಸಂಕಲ್ಪ ಮುಗಿಯುವಷ್ಟರಲ್ಲಿ ಗಂಟಲು ಮುಚ್ಚಿತು. ಸಹಾಯಕ್ಕೆಂದು ಕರೆಸಿದ್ದ ಶ್ರೀನಿವಾಸಪುರದ ಪುರೋಹಿತ ಮುಂದುವರಿಸಿದ. ಮಾವ ಪಕ್ಕದಲ್ಲಿ ಕೂತು ಬರೀ ತುಟಿ ಆಡಿಸಿದರು. ನನಗೆ ಕೋಪವೂ ಬಂತು, ಅಳುವೂ ಬಂತು. ಊಟದ ಪಂಕ್ತಿಯಲ್ಲಿ ಎಲೆ ಮುಟ್ಟದೆ ಕೇಳಿದರು: "ಲೇ, ಆ ಮಾತ್ರೆ ಊಟಕ್ಕೆ ಮುಂಚೇನಾ ಅಂದಿದ್ದು?"

ಮಾರನೆಯ ದಿನದಿಂದ ಮೈಲಿಗೆ ಎಲ್ಲಿ ಓಡಿಹೋಯಿತೋ! ಕೆಲವು ತಿಂಗಳಲ್ಲಿ ಗಂಟಲು ಬಿಟ್ಟಿತು. ಅಷ್ಟರಲ್ಲಿ ಎಲ್ಲರೂ ಶ್ರೀನಿವಾಸಪುರದವನನ್ನೇ ಕರೆಯತೊಡಗಿದ್ದರು. ಕೊನೆಯ ಸಲ ಬಂದಾಗ ಮಾವ ಕೌಂಟರ್ ಮುಂದೆ ನಿಂತು, ಗಿರಾಕಿಗಳ ನಡುವೆಯೇ, ಇಡೀ ಮಂಗಳಾಷ್ಟಕ ಹೇಳಿ ಮುಗಿಸಿದರು.

"ಎಲ್ಲಾದ್ರೂ ತಡೀತೇನೋ?"

"ಇಲ್ಲ ಮಾವ."

"ಹಂಗಾದ್ರೆ ನಾಕು ಜನಕ್ಕೆ ಹೇಳೋ."

ಹೇಳಿದೆ. ಲಕ್ಕೂರಿನವರೊಬ್ಬರು ಒಪ್ಪಿ, ಮದುವೆಗೆ ಅವರನ್ನೇ ಕರೆಯಲು ಮಾವನ ಮನೆಗೆ ಬಂದರು. ಆವತ್ತು ಮಾವನ ಹನ್ನೊಂದನೆಯ ದಿನದ ಕರ್ಮ. ಮಂತ್ರ ಹೇಳುತ್ತಿದ್ದವನು ಶ್ರೀನಿವಾಸಪುರದವನೇ.